ಪೊರೆ ತೆಗೆದರೆ ಸಾಕೇ? ಕಣ್ಣಿನ ಪ್ರೆಷರ್ ನೋಡುವವರು ಯಾರು?

ಕುಮಾರಪಟ್ಟಣದ ಕಡೆ ಕಣ್ಣಿನ ಶಿಬಿರ ಎಂದರೆ ಎರಡೇ ಲೆಕ್ಕ: ಎಷ್ಟು ಮಂದಿಗೆ ಕನ್ನಡಕ ಕೊಟ್ಟರು, ಎಷ್ಟು ಮಂದಿಗೆ ಪೊರೆ ತೆಗೆದರು. ಸರ್ಕಾರದ 'ಆಶಾಕಿರಣ' ಯೋಜನೆಯ ಮೊದಲ ಹಂತದಲ್ಲೇ ನಮ್ಮ ಹಾವೇರಿ ಜಿಲ್ಲೆ ಇತ್ತು. ತಪಾಸಣೆ ಮನೆ ಬಾಗಿಲಿಗೇ ಬಂತು, ಒಳ್ಳೆಯದೇ ಆಯಿತು. ಆದರೆ ಪೊರೆ ತೆಗೆದರೆ ದೃಷ್ಟಿ ಮರಳುತ್ತದೆ. ಗ್ಲಕೋಮಾದಲ್ಲಿ ಹೋದ ದೃಷ್ಟಿ ಮರಳುವುದೇ ಇಲ್ಲ. ಹಾಗಾದರೆ ಯಾವುದನ್ನು ಬೇಗ ಹಿಡಿಯಬೇಕು?

ಬಸಿಗಾಲುವೆ ಮುಚ್ಚಿದರೆ ಹೊಲದಲ್ಲಿ ನೀರು ನಿಂತು ಬೇರು ಕೊಳೆಯುವುದು ರೈತರಿಗೆ ಗೊತ್ತು. ಕಣ್ಣಿನೊಳಗೂ ನೀರು ಊರಿ, ಹರಿದು ಹೋಗುತ್ತಿರುತ್ತದೆ. ಆ ದಾರಿ ಕಟ್ಟಿದರೆ ಒತ್ತಡ ಏರಿ ಕಣ್ಣಿನ ನರ ಸಾಯುತ್ತದೆ. ಹೆಚ್ಚಿನವರಿಗೆ ನೋವೂ ಇರುವುದಿಲ್ಲ. ಅಂಚಿನ ನೋಟ ಮೊದಲು ಹೋಗುವುದರಿಂದ ಗೋಡೆಯ ಅಕ್ಷರ ಓದಿಸಿದರೆ ರೋಗ ಸಿಗುವುದಿಲ್ಲ. ಪ್ರೆಷರ್ ಅಳೆಯಬೇಕು, ನರ ನೋಡಬೇಕು.

ಮೊದಲ ಮದ್ದು ದಿನಾ ಹಾಕುವ ಹನಿ. ಅದಕ್ಕೆ ಬಗ್ಗದಿದ್ದರೆ ಲೇಸರ್, ಆಪರೇಷನ್. ಅದಕ್ಕೂ ಬಗ್ಗದ ಕಣ್ಣಿಗೆ ಸಣ್ಣ ಸಿಲಿಕೋನ್ ನಳಿಕೆ ಮತ್ತು ತಟ್ಟೆ ಕೂರಿಸಿ ನೀರು ಬಸಿಯುತ್ತಾರೆ. 'ಅದು ಫಾರಿನ್ ಮಾಲು, ಸಾಹುಕಾರರ ಚಿಕಿತ್ಸೆ' ಎನ್ನುವ ಮಾತು ಹಳೆಯದಾಯಿತು. ಮದುರೈನ ಅರೋಲ್ಯಾಬ್ 2013ರಿಂದ ಎಎಡಿಐ ಎಂಬ ನಳಿಕೆಯನ್ನು ವಿದೇಶಿ ನಳಿಕೆಗಿಂತ ಬಹಳ ಕಡಿಮೆ ಬೆಲೆಗೆ ಕೊಡುತ್ತಿದೆ. ಈಗ ಅಡ್ಡ ಬಂದಿರುವುದು ದಾರಿ ಮತ್ತು ದಿನಗೂಲಿ.

ಈ ನಳಿಕೆಯಲ್ಲಿ ವಾಲ್ವ್ ಇಲ್ಲ. ನೀರು ಒಮ್ಮೆಲೇ ಹರಿದು ಹೋಗದಂತೆ ಕರಗುವ ದಾರದಿಂದ ಕಟ್ಟುತ್ತಾರೆ. ದಾರ ಕರಗಿ ನಳಿಕೆ ತೆರೆಯಲು ಐದಾರು ವಾರ ಬೇಕು. ಅಲ್ಲಿಯವರೆಗೆ ಡಾಕ್ಟರು ಹೇಳಿದ ಹನಿ ಬಿಡುವಂತಿಲ್ಲ, ತಪಾಸಣೆ ತಪ್ಪಿಸುವಂತಿಲ್ಲ. ಹುಬ್ಬಳ್ಳಿಗೆ ಹೋಗಬೇಕೆಂದರೆ ನೂರು ಕಿಲೋಮೀಟರಿಗೂ ಹೆಚ್ಚು. ಮಗ ಪಾಳಿ ಬಿಡಬೇಕು, ಸೊಸೆ ಕೂಲಿ ಬಿಡಬೇಕು. ಮೂರನೇ ಸಲ ಹೋಗಲು ಆಗದಿದ್ದರೆ 'ಹಳ್ಳಿ ಜನಕ್ಕೆ ತಿಳಿವಳಿಕೆ ಇಲ್ಲ' ಎಂದು ಬೈಸಿಕೊಳ್ಳುವವರೂ ನಾವೇ.

ಕೇಳುವುದು ಮೂರೇ. 40 ದಾಟಿದ ಎಲ್ಲರಿಗೂ ಶಿಬಿರದಲ್ಲೇ ಪ್ರೆಷರ್ ಮತ್ತು ನರದ ತಪಾಸಣೆ. ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಹನಿ ಔಷಧ ತಪ್ಪದೆ, ಉಚಿತವಾಗಿ. ಆಪರೇಷನ್ ಆದವರ ಮುಂದಿನ ತಪಾಸಣೆ ಆದಷ್ಟೂ ಅಲ್ಲೇ.

ಮನೆಯಲ್ಲಿ ಒಬ್ಬರಿಗೆ ಗ್ಲಕೋಮಾ ಇದ್ದರೆ ಒಡಹುಟ್ಟಿದವರು, ಮಕ್ಕಳೂ ತೋರಿಸಿಕೊಳ್ಳಬೇಕು. ಮುಂದಿನ ಶಿಬಿರದಲ್ಲಿ ಕನ್ನಡಕ ಕೈಗೆ ಬಂದ ಕೂಡಲೇ ಎದ್ದು ಬರಬೇಡಿ. 'ಪ್ರೆಷರ್ ನೋಡಿದ್ರಾ ಸರ್? ಎಷ್ಟೈತಿ? ಚೀಟಿ ಮ್ಯಾಲೆ ಬರೀರಿ' ಎಂದು ಕೇಳಿ.