ಗಿಡವೂ ಮರವೂ ಮನಃಶಾಸ್ತ್ರವೂ

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?” ಎಂಬ ಗಾದೆಗೆ ಈಗ ಹೊಸ ಮರ್ಯಾದೆ ಬಂದಿದೆ. ಹಿಂದೆ ಇದನ್ನು ಸೋದರಮಾವಂದಿರು ಜಗಲಿಯ ಮೇಲೆ ಕುಳಿತು ಹೇಳುತ್ತಿದ್ದರು. ಕೇಳಿದವರು ಮನಸ್ಸಿದ್ದರೆ ಒಪ್ಪುತ್ತಿದ್ದರು, ಇಲ್ಲವಾದರೆ ಎದ್ದುಹೋಗುತ್ತಿದ್ದರು. ಈಗ ಅದೇ ಮಾತನ್ನು “ಮನಃಶಾಸ್ತ್ರಜ್ಞರು ಕಂಡುಹಿಡಿದಿದ್ದಾರೆ” ಎಂಬ ಮೊಹರು ಒತ್ತಿ ವೇದಿಕೆಯ ಮೇಲಿಂದ ಹೇಳುತ್ತಾರೆ. ಎದ್ದುಹೋಗುವ ಸ್ವಾತಂತ್ರ್ಯವೂ ನಮಗಿಲ್ಲ. ಮನುಷ್ಯನ ಬುದ್ಧಿ, ಸ್ವಭಾವ ಎಲ್ಲವೂ ಐದು ವರ್ಷದೊಳಗೆ ಇತ್ಯರ್ಥವಾಗಿಬಿಡುತ್ತದಂತೆ. ನಲವತ್ತರ ನಂತರ ಬರಿಯ ಇಳಿಜಾರಂತೆ. ಮೊದಲನೆಯ ಮಾತನ್ನು ಹೇಳಿ ಶಿಶುವಿಹಾರಗಳು ಶುಲ್ಕ ಏರಿಸುತ್ತವೆ. ಎರಡನೆಯದನ್ನು ಹೇಳಿ ಆಡಳಿತ ಮಂಡಳಿಗಳು ಖರ್ಚು ಉಳಿಸುತ್ತವೆ. ನಡುವೆ ಉಳಿದ ಮೂವತ್ತೈದು ವರ್ಷಗಳಲ್ಲಿ ನಾವು ಏನು ಮಾಡುತ್ತಿದ್ದೆವೋ ಯಾರೂ ಕೇಳುವುದಿಲ್ಲ.

ನಾನು ಕನ್ನಡದ ಅಧ್ಯಾಪಕ. ಮನಃಶಾಸ್ತ್ರದಲ್ಲಿ ನನಗೆ ಪದವಿಯಿಲ್ಲ. ಆದರೆ ಯಾರಾದರೂ ಒಂದು ಪಾಠವನ್ನು ತಂದು ಇದು ಪಂಪನದೆಂದರೆ, ಯಾವ ಪ್ರತಿಯಲ್ಲಿದೆ, ಯಾರು ಎಂದು ನಕಲು ಮಾಡಿದರು, ಓಲೆ ಎಲ್ಲಿ ಮುರಿದಿದೆ ಎಂದು ಕೇಳುವುದು ನನ್ನ ಕಸಬು. ಆ ಪ್ರಶ್ನೆಯನ್ನೇ ಇಲ್ಲಿಯೂ ಕೇಳುತ್ತೇನೆ: ಇದು ನಿಮಗೆ ಹೇಗೆ ತಿಳಿಯಿತು, ಸ್ವಾಮಿ?

ಕೇಳುವುದಕ್ಕೆ ಕಾರಣವಿದೆ. ಕಳೆದ ವರ್ಷ ಒಂದು ಸಂಸ್ಥೆಯವರು ಅಧ್ಯಾಪಕರಿಗೆ ಹೊಸ ಬೋಧನಾ ಸಾಧನಗಳ ತರಬೇತಿ ಏರ್ಪಡಿಸಿ, ನಲವತ್ತೈದು ದಾಟಿದವರ ಹೆಸರುಗಳನ್ನು ಪಟ್ಟಿಯಿಂದ ಬಿಟ್ಟರು. ನನ್ನ ಹೆಸರೂ ಅದರಲ್ಲಿತ್ತು. “ಈ ವಯಸ್ಸಿನಲ್ಲಿ ಮೆದುಳು ಹೊಸದನ್ನು ಹಿಡಿಯುವುದಿಲ್ಲ ಸಾರ್, ಇದು ಸೈನ್ಸು” ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನೇ ವಿನಯದಿಂದ ತಿಳಿಸಿದ. ನಮ್ಮ ಬೀದಿಯಲ್ಲಿ ಐವತ್ತೆರಡರ ಗೃಹಿಣಿಯೊಬ್ಬರಿದ್ದಾರೆ. ಮದುವೆಯಿಂದ ನಿಂತುಹೋದ ಬಿ.ಎ.ಯನ್ನು ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಮುಗಿಸಬೇಕೆಂಬ ಆಸೆ. “ಈಗ ಓದಿದರೆ ತಲೆಯಲ್ಲಿ ನಿಲ್ಲುತ್ತದೆಯೇನಮ್ಮಾ?” ಎಂದು ಮಗ ನಕ್ಕ ಮೇಲೆ ಅರ್ಜಿ ದೇವರ ಗೂಡಿನಲ್ಲೇ ಉಳಿಯಿತು. ತರಬೇತಿಯಿಲ್ಲದೆ ನನಗೆ ಹೋದದ್ದು ಹೆಚ್ಚಿಲ್ಲ. ಆಕೆಯದು ಹಾಗಲ್ಲ.

ನಲವತ್ತರ ಇಳಿಜಾರಿನ ಮೂಲಪ್ರತಿ ಎಲ್ಲಿದೆ ನೋಡೋಣ. 1939ರಲ್ಲಿ ನ್ಯೂಯಾರ್ಕಿನ ಡೇವಿಡ್ ವೆಕ್ಸ್‌ಲರ್ ವಯಸ್ಕರಿಗಾಗಿ ಒಂದು ಬುದ್ಧಿಪರೀಕ್ಷೆಯನ್ನು ಪ್ರಕಟಿಸಿದರು. ಬೇರೆಬೇರೆ ವಯಸ್ಸಿನವರ ಅಂಕಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಇಪ್ಪತ್ತು ಚಿಲ್ಲರೆಯಲ್ಲಿ ಶಿಖರ, ಆಮೇಲೆ ಇಳಿತ. ಚಿತ್ರ ಸೊಗಸಾಗಿತ್ತು, ಪಠ್ಯಪುಸ್ತಕಗಳಿಗೆ ಹೋಯಿತು, ಅಲ್ಲಿಂದ ಭಾಷಣಗಳಿಗೆ ಇಳಿಯಿತು. ಆದರೆ ಗಮನಿಸಿ, ಇಲ್ಲಿ ಯಾರೂ ಮುದುಕರಾಗಲಿಲ್ಲ. ಒಂದೇ ಕಾಲದಲ್ಲಿ ಇದ್ದ ಯುವಕರನ್ನೂ ಮುದುಕರನ್ನೂ ಅಳೆದರು, ಅಷ್ಟೆ.

ನಮ್ಮ ಮನೆಗಳಲ್ಲೇ ಇದನ್ನು ಪರೀಕ್ಷಿಸಬಹುದು. ಅಜ್ಜಿ, ಮಗಳು, ಮೊಮ್ಮಗಳು ಮೂವರನ್ನೂ ಒಂದು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ನಿಲ್ಲಿಸಿ ಬೋರ್ಡು ಓದಿಸಿ. ಮೊಮ್ಮಗಳು ಕನ್ನಡ, ಇಂಗ್ಲಿಷು ಎರಡನ್ನೂ ಓದುತ್ತಾಳೆ. ಮಗಳು ಕನ್ನಡವನ್ನು ಓದುತ್ತಾಳೆ. ಅಜ್ಜಿ ಕಂಡಕ್ಟರನನ್ನು ಕೇಳುತ್ತಾಳೆ. ಇಷ್ಟನ್ನು ಬರೆದುಕೊಂಡು “ವಯಸ್ಸಾದಂತೆ ಹೆಂಗಸರು ಓದುವುದನ್ನು ಮರೆಯುತ್ತಾರೆ” ಎಂದು ಪ್ರಬಂಧ ಬರೆದರೆ ಹೇಗಿರುತ್ತದೆ? ಅಜ್ಜಿ ಮರೆತಿಲ್ಲ, ಆಕೆಗೆ ಯಾರೂ ಕಲಿಸಿಯೇ ಇಲ್ಲ. 1951ರ ಜನಗಣತಿಯಲ್ಲಿ ಈ ದೇಶದ ಹೆಂಗಸರಲ್ಲಿ ಅಕ್ಷರಸ್ಥರು ನೂರಕ್ಕೆ ಒಂಬತ್ತು ಮಂದಿಯೂ ಇರಲಿಲ್ಲ. ಹುಟ್ಟಿದ ಕಾಲದ ಅನ್ಯಾಯವನ್ನು ವಯಸ್ಸಿನ ಲೆಕ್ಕಕ್ಕೆ ಬರೆಯುವುದು ಯಾವ ಶಾಸ್ತ್ರ?

ಮನಃಶಾಸ್ತ್ರಜ್ಞರಿಗೆ ಇದು ಹೊಳೆಯದೆ ಇರಲಿಲ್ಲ. ನನ್ನ ಜಗಳವಿರುವುದು ಅವರೊಡನೆ ಅಲ್ಲ, ಅವರ ಹೆಸರು ಹೇಳಿಕೊಂಡು ತಿರುಗುವವರೊಡನೆ. ಅಯೋವಾ ರಾಜ್ಯದ ಕಾಲೇಜೊಂದರಲ್ಲಿ 1919ರಲ್ಲಿ ಹುಡುಗರಿಗೆ ಸೈನ್ಯದ ಬುದ್ಧಿಪರೀಕ್ಷೆಯನ್ನು ಕೊಟ್ಟಿದ್ದರು. ಓವೆನ್ಸ್ ಎಂಬವರು ಸುಮಾರು ಮೂವತ್ತು ವರ್ಷ ಕಳೆದ ಮೇಲೆ ಅವರಲ್ಲಿ 127 ಮಂದಿಯನ್ನು ಹುಡುಕಿ, ಅದೇ ಪರೀಕ್ಷೆಯನ್ನು ಮತ್ತೆ ಕೊಟ್ಟರು. ಫಲಿತಾಂಶವನ್ನು 1953ರಲ್ಲಿ ಪ್ರಕಟಿಸಿದರು. ಐವತ್ತರ ಹತ್ತಿರ ಬಂದಿದ್ದ ಆ ಗಂಡಸರ ಅಂಕ ಒಟ್ಟಿನಲ್ಲಿ ಏರಿತ್ತು.

ಇನ್ನು ವಾರ್ನರ್ ಶೈ. 1956ರಲ್ಲಿ ಸಿಯಾಟಲ್ ನಗರದ ಒಂದು ಆರೋಗ್ಯ ಸಹಕಾರ ಸಂಘದ ಸದಸ್ಯರಲ್ಲಿ ಇಪ್ಪತ್ತರಿಂದ ಎಪ್ಪತ್ತರ ಆಸುಪಾಸಿನ 500 ಮಂದಿಯನ್ನು ಆತ ಪರೀಕ್ಷಿಸಿದರು. ಏಳು ವರ್ಷಗಳಿಗೊಮ್ಮೆ ಮತ್ತೆ ಹೋದರು; ಪ್ರತಿಸಲವೂ ಹಳಬರ ಜೊತೆಗೆ ಹೊಸಬರನ್ನೂ ಸೇರಿಸಿಕೊಂಡರು. ಈ ಕೆಲಸ ಅರ್ಧ ಶತಮಾನಕ್ಕೂ ಮಿಕ್ಕಿ ನಡೆಯಿತು. ಒಂದೇ ಸಲದ ಅಳತೆಯಲ್ಲಿ ಯೌವನ ಮುಗಿಯುತ್ತಲೇ ಇಳಿತ ಕಾಣುತ್ತಿತ್ತು. ಅದೇ ಜನರನ್ನು ಹಿಂಬಾಲಿಸಿದಾಗ ಹೆಚ್ಚಿನ ಶಕ್ತಿಗಳು ನಡುವಯಸ್ಸಿನವರೆಗೆ ನಿಂತವು, ಕೆಲವು ಏರಿದವು. ಸರಾಸರಿಯಲ್ಲಿ ಸ್ಪಷ್ಟವಾದ ಇಳಿತ ಬಂದದ್ದು ಅರವತ್ತರ ನಂತರ. ಬೇಗ ಕುಂದಿದ್ದು ಕಣ್ಣು-ಕೈಗಳ ಚುರುಕು. ಇನ್ನೊಂದು ತಮಾಷೆ: ತರ್ಕದಲ್ಲಿ ಈಚಿನ ತಲೆಮಾರಿನವರು ಮುಂದಿದ್ದರೆ, ಅಂಕಿಗಳನ್ನು ಕೂಡಿಸುವುದರಲ್ಲಿ ಹಳಬರೇ ಮುಂದು. ಬಾಯಲ್ಲೇ ಮಗ್ಗಿ ಹೇಳುತ್ತಿದ್ದ ಶಾನುಭೋಗರನ್ನು ಕಂಡವರಿಗೆ ಇದು ಆಶ್ಚರ್ಯವಲ್ಲ.

ಎದುರುಪಕ್ಷದವರ ವಾದವೂ ಸುಮ್ಮನೆ ತಳ್ಳಿಬಿಡುವಂಥದಲ್ಲ. ಏಳು ವರ್ಷದ ಮೇಲೆ ಮರಳಿ ಬರುವವರು ಗಟ್ಟಿಮುಟ್ಟಾದವರು. ಕುಸಿದವರು ಬರುವುದೇ ಇಲ್ಲ. ಬಂದವರಿಗೂ ಪ್ರಶ್ನೆಪತ್ರಿಕೆ ಹಳೆಯ ಪರಿಚಯ. ಆದ್ದರಿಂದ ಹಿಂಬಾಲಿಸುವ ಅಧ್ಯಯನ ವೃದ್ಧಾಪ್ಯವನ್ನು ಇರುವುದಕ್ಕಿಂತ ಚೆಲುವಾಗಿ ಚಿತ್ರಿಸುತ್ತದೆ. ವರ್ಜೀನಿಯಾದ ಸಾಲ್ಟ್‌ಹೌಸ್ 2009ರಲ್ಲಿ ಈ ವಾದವನ್ನು ಹಿಡಿದು, ಕೆಲವು ಶಕ್ತಿಗಳ ಇಳಿತ ಇಪ್ಪತ್ತು-ಮೂವತ್ತರ ವಯಸ್ಸಿನಲ್ಲೇ ಮೊದಲಾಗುತ್ತದೆ ಎಂದು ಬರೆದರು. ಆದರೆ ಓದುಗರು ಗಮನಿಸಬೇಕು: ಆತ ಹೇಳುವ ಇಳಿತ ಬಹುಮಟ್ಟಿಗೆ ವೇಗದ್ದು, ಅಪರಿಚಿತ ಒಗಟು ಬಿಡಿಸುವುದರದ್ದು, ಕಂಡದ್ದನ್ನು ಆ ಕ್ಷಣ ನೆನಪಿಡುವುದರದ್ದು. ಪದಸಂಪತ್ತು, ಕೂಡಿಟ್ಟ ಅರಿವು ಅರವತ್ತರ ತನಕ ಬೆಳೆಯುವುದನ್ನು ಆತನೂ ಒಪ್ಪುತ್ತಾರೆ. ಬಿ.ಎ. ಪರೀಕ್ಷೆಗೆ ಬೇಕಾದದ್ದು ಮಿಂಚಿನ ವೇಗವೇ? ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಬಂದದ್ದು 1956ರಲ್ಲಿ, ಅವರ ಅರವತ್ತೈದನೆಯ ವಯಸ್ಸಿನಲ್ಲಿ. (ಇದು ಸಾಕ್ಷ್ಯವಲ್ಲ, ಬಲ್ಲೆ, ಒಬ್ಬ ಮಾಸ್ತಿಯಿಂದ ಶಾಸ್ತ್ರವಾಗುವುದಿಲ್ಲ. ಆದರೂ ಹೇಳದೆ ಇರಲಾರೆ.)

ಈಗ ಐದು ವರ್ಷದ ಬಾಗಿಲಿಗೆ ಬರೋಣ. ಇಲ್ಲಿಯೂ ಒಂದು ನಿಜವಿದೆ. 1984ರಲ್ಲಿ ಕೆನಡಾದ ವರ್ಕರ್ ಮತ್ತು ಟೀಸ್ ಎಂಬಿಬ್ಬರು ಇಂಗ್ಲಿಷ್ ಮನೆಗಳ ಹಸುಳೆಗಳಿಗೆ ಹಿಂದಿಯ ದಂತ್ಯ, ಮೂರ್ಧನ್ಯ ಧ್ವನಿಗಳನ್ನು ಕೇಳಿಸಿದರು: ನಮ್ಮ ತಕಾರ, ಟಕಾರ. ಆರೆಂಟು ತಿಂಗಳ ಕೂಸುಗಳು ಅವುಗಳ ಭೇದವನ್ನು ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಬಹುಪಾಲು ಮಕ್ಕಳಿಗೆ ಆ ಕಿವಿ ಇರಲಿಲ್ಲ. ಭಾಷೆಯ ಮೇಷ್ಟರಾದ ನನಗೆ ಇದಕ್ಕಿಂತ ರೋಚಕವಾದ ಪ್ರಯೋಗ ಬೇರೆ ಕಂಡಿಲ್ಲ. ಆದರೆ ಮುಚ್ಚುವುದು ಧ್ವನಿಯ ಬಾಗಿಲೊಂದೇ, ಅದೂ ಪೂರ್ತಿಯಾಗಿ ಅಲ್ಲ. ಇದನ್ನೇ ಗಣಿತಕ್ಕೂ ಗುಣಕ್ಕೂ ಹಬ್ಬಿಸಿ, ಮೂರು ವರ್ಷದ ಮಗುವಿಗೆ ಪ್ರವೇಶ ಸಂದರ್ಶನ ಮಾಡುವವರ ಧೈರ್ಯಕ್ಕೆ ಏನೆನ್ನಬೇಕು?

ಅವರ ಮೆಚ್ಚಿನ ಕಥೆ ಮಿಠಾಯಿಯದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಶಿಶುವಿಹಾರದಲ್ಲಿ ವಾಲ್ಟರ್ ಮಿಶೆಲ್ ಮಕ್ಕಳ ಮುಂದೆ ಒಂದು ಮಿಠಾಯಿಯನ್ನಿಟ್ಟು, ಕಾದರೆ ಎರಡು ಕೊಡುವೆನೆಂದರು. ಕಾದವರು ಮುಂದೆ ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಪಡೆದರು. ಆ ಮಕ್ಕಳಲ್ಲಿ ಹಲವರು ವಿಶ್ವವಿದ್ಯಾನಿಲಯದ ಬಳಗದವರ ಮನೆಯವರೆಂಬುದನ್ನು ಭಾಷಣಕಾರರು ಬಿಟ್ಟುಬಿಡುತ್ತಾರೆ. 2018ರಲ್ಲಿ ವಾಟ್ಸ್ ಮತ್ತು ಸಂಗಡಿಗರು ಬಡವರೂ ಸೇರಿದ 900ಕ್ಕೂ ಹೆಚ್ಚು ಮಕ್ಕಳ ದಾಖಲೆಯನ್ನು ನೋಡಿದಾಗ ಸಂಬಂಧ ಸುಮಾರು ಅರ್ಧಕ್ಕಿಳಿಯಿತು; ಮನೆಯ ಸ್ಥಿತಿಗತಿ ಮೊದಲಾದವನ್ನು ಲೆಕ್ಕಕ್ಕೆ ಹಿಡಿದಾಗ ಉಳಿದುದರಲ್ಲೂ ಬಹುಪಾಲು ಕರಗಿತು. ಕ್ಯಾಲಿಫೋರ್ನಿಯದ ಟರ್ಮನ್ನರು 1921ರಿಂದ ಸುಮಾರು 1,500 ಪ್ರತಿಭಾವಂತ ಮಕ್ಕಳನ್ನು ಆರಿಸಿ ಜೀವಮಾನವಿಡೀ ಹಿಂಬಾಲಿಸಲು ಹೊರಟರು. ಅವರ ಜರಡಿಯಲ್ಲಿ ನಿಲ್ಲದೆ ಹೋದ ಇಬ್ಬರು ಹುಡುಗರು ಶಾಕ್ಲಿ ಮತ್ತು ಆಲ್ವಾರೆಸ್. ಭೌತಶಾಸ್ತ್ರದ ನೊಬೆಲ್ ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ ಬಂತು.

ಅವರ ಕೈಯ ಬಲವಾದ ಅಸ್ತ್ರ ಸ್ಕಾಟ್ಲೆಂಡಿನದು. ಅಲ್ಲಿ 1932ರ ಜೂನ್ 1ರಂದು, 1921ರಲ್ಲಿ ಹುಟ್ಟಿದ 87,498 ಮಕ್ಕಳಿಗೆ ಒಂದೇ ದಿನ ಬುದ್ಧಿಪರೀಕ್ಷೆಯಾಯಿತು. ಇಯಾನ್ ಡೀರಿ ಮತ್ತು ಸಂಗಡಿಗರು ಅರವತ್ತಾರು ವರ್ಷದ ಮೇಲೆ, 1998ರ ಅದೇ ಜೂನ್ 1ರಂದು, ಅಬರ್ಡೀನಿನಲ್ಲಿ ಅವರಲ್ಲಿ ನೂರರಷ್ಟು ಮಂದಿಯನ್ನು ಅದೇ ಪ್ರಶ್ನೆಪತ್ರಿಕೆಗೆ ಕೂರಿಸಿದರು. ಹನ್ನೊಂದರಲ್ಲಿ ಮುಂದಿದ್ದವರು ಎಪ್ಪತ್ತೇಳರಲ್ಲೂ ಹೆಚ್ಚುಕಡಿಮೆ ಮುಂದಿದ್ದರು. ಒಪ್ಪಿದೆ. ಆದರೆ ಇದು ಸಾಲಿನಲ್ಲಿ ಯಾರ ಹಿಂದೆ ಯಾರು ಎಂಬ ಮಾತು. ಸಾಲು ನಿಂತಲ್ಲೇ ನಿಂತಿತೆಂಬುದಲ್ಲ. ಆ ಮುದುಕರು ಹುಡುಗರಾಗಿದ್ದಾಗ ತಾವೇ ಪಡೆದದ್ದಕ್ಕಿಂತ ಹೆಚ್ಚು ಅಂಕವನ್ನು ಸರಾಸರಿಯಲ್ಲಿ ಪಡೆದಿದ್ದರು! ನಮ್ಮ ಬೀದಿಯ ಗೃಹಿಣಿಗೆ ಬೇಕಾದದ್ದೂ ಅಷ್ಟೇ. ಆಕೆ ಯಾರನ್ನೂ ಹಿಂದೆ ಹಾಕಬೇಕಾಗಿಲ್ಲ. ನಿನ್ನೆಯ ತನಗಿಂತ ಒಂದು ಪಾಠ ಮುಂದೆ ಹೋದರೆ ಸಾಕು.

ಇಷ್ಟಕ್ಕೂ ಇವರೆಲ್ಲ ಯಾರು? 1938ರಲ್ಲಿ ಮೊದಲಾದ ಹಾರ್ವರ್ಡಿನ ಪ್ರಸಿದ್ಧ ಅಧ್ಯಯನದ 268 ಮಂದಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಆರ್ನೆಟ್ 2008ರಲ್ಲಿ ಅಮೆರಿಕದ ಮುಖ್ಯ ಮನಃಶಾಸ್ತ್ರ ಪತ್ರಿಕೆಗಳನ್ನು ಲೆಕ್ಕ ಹಾಕಿದಾಗ, ಅಧ್ಯಯನಕ್ಕೊಳಗಾದವರಲ್ಲಿ ನೂರಕ್ಕೆ 96 ಮಂದಿ ಲೋಕದ ಜನಸಂಖ್ಯೆಯ ನೂರಕ್ಕೆ 12ರಷ್ಟಿರುವ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು. ಮನುಷ್ಯನ ಜೀವಮಾನ ಎಂದು ನಾವು ಓದುವುದು ಇವರ ಜೀವಮಾನವನ್ನು. ನಮ್ಮಲ್ಲಿ ಪ್ರಯತ್ನವೇ ನಡೆದಿಲ್ಲವೆಂದಲ್ಲ: ವಿ. ವಿ. ಕಾಮತರು 1930ರ ದಶಕದಲ್ಲೇ ಬಿನೆಯ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ ಮೇರಿ ಗಂಗೂಲಿ ಮತ್ತು ಭಾರತೀಯ ವೈದ್ಯರು ವೃದ್ಧರ ಮನಃಶಕ್ತಿಯನ್ನು ಅಳೆಯಹೊರಟಾಗ, ಅಮೆರಿಕದ 1975ರ ಪರೀಕ್ಷೆ ಅಡ್ಡ ಬಂತು. ಒಂದು ವಾಕ್ಯ ಬರೆಯಿರಿ, ನೂರರಿಂದ ಏಳೇಳು ಕಳೆಯುತ್ತ ಹೋಗಿರಿ ಎಂದರೆ, ಶಾಲೆಯ ಮೆಟ್ಟಿಲು ಹತ್ತದವರು ಏನು ಮಾಡಬೇಕು? ಆಗ ಪ್ರಶ್ನೆಗಳನ್ನು ಅವರ ಬದುಕಿಗೆ ತಕ್ಕಂತೆ ಬದಲಾಯಿಸಬೇಕಾಯಿತು.

ಈಗ ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಅಂಥದೊಂದು ದೊಡ್ಡ ಕೆಲಸ ಹೂಡಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು 2018ರಲ್ಲಿ ಅದನ್ನು ಆರಂಭಿಸಿದರು. ನಲವತ್ತೈದು ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷವರ್ಷಗಳ ಕಾಲ ಹಿಂಬಾಲಿಸಬೇಕೆಂಬುದು ಅವರ ಗುರಿ. ನಲವತ್ತೈದು ಎಂಬ ಅಂಕಿ ಅಲ್ಲಿಯೂ ಇದೆ, ನೋಡಿ. ನಮ್ಮ ತರಬೇತಿಯವರಿಗೆ ಪಟ್ಟಿ ಮುಗಿಯುವ ವಯಸ್ಸು ಅದು; ಶ್ರೀನಿವಾಸಪುರದಲ್ಲಿ ಪಟ್ಟಿ ಶುರುವಾಗುವ ವಯಸ್ಸು. ಆ ಮಾವಿನ ಸೀಮೆಯ ರೈತರನ್ನು ಹತ್ತಿಪ್ಪತ್ತು ವರ್ಷ ಹಿಂಬಾಲಿಸಿದ ಮೇಲೆ ಏನು ಕಂಡುಬರುತ್ತದೋ ಅದನ್ನು ನಾನು ತಲೆಬಾಗಿ ಓದುತ್ತೇನೆ, ಅದು ನನಗೆ ವಿರುದ್ಧವಾಗಿದ್ದರೂ ಸರಿಯೆ. ಅದಕ್ಕೆ ಮೊದಲು “ಇದು ಸೈನ್ಸು” ಎನ್ನುವವರು ಯಾವ ವರ್ಷ, ಯಾವ ಊರು, ಎಷ್ಟು ಜನ, ಒಂದೇ ದಿನವೋ ಮೂವತ್ತು ವರ್ಷವೋ ಎಂಬುದನ್ನು ಹೇಳಿ ಮುಂದುವರಿಯಲಿ. ಮುಕ್ತ ವಿಶ್ವವಿದ್ಯಾನಿಲಯದ ಅರ್ಜಿಗೆ ಈ ಸಲ ಇನ್ನೂ ಕಾಲ ಮಿಂಚಿಲ್ಲ.