ನೆಗಡಿಗೆ ಪುಡಕಿ ಗುಳಿಗಿ ಇನ್ನ ಸಾಕ ಮಾಡ್ರವ್ವಾ

ಹ್ವಾದ ತಿಂಗಳ ಮೂಡಲಗಿಗೆ ಮಗಳ ಮನಿಗೆ ಹೋಗಿದ್ದೆ. ಮುಂಜಾನೆ ನೋಡಿದ್ರ ಆಕಿ ಮಾರಿ ಬಾತಿತ್ತು, ಮೂಗು ಕಟ್ಟಿತ್ತು. ಕಸಾ ಹೊಡಿಯಾಕ ಬಗ್ಗಿದ್ರ ಹಣಿ ಸಿಡಿತೈತಿ ಅಂತಿದ್ಲು. ಎಷ್ಟ ದಿನಾ ಆತವಾ ಅಂದೆ. "ನಾಕ ದಿನಾ ಆತ ಬೇ, ನೀ ಕಾಳಜಿ ಮಾಡಬ್ಯಾಡ, ಮೆಡಿಕಲ್‌ದಾಗಿಂದ ಗುಳಿಗಿ ತರಿಸೇನಿ" ಅಂದ್ಲು. ಆ ಕಾಗದದ ಪುಡಕಿ ಬಿಚ್ಚಿ ನೋಡಿದೆ. ಒಂದು ಬಿಳೇದು, ಒಂದು ಹಳದಿ, ಒಂದು ಕ್ಯಾಪ್ಸೂಲು. ಪಟ್ಟಿ ಕತ್ತರಿಸಿ ಕೊಟ್ಟಾರ, ಹೆಸರೂ ಇಲ್ಲ, ತಾರೀಖೂ ಇಲ್ಲ. ಇದು ಏನ ಗುಳಿಗಿ ಅಂದ್ರ "ನೆಗಡೀದು" ಅಂದ್ಲು. ಆಕಿಗೆ ಅಷ್ಟ ಗೊತ್ತು.

ನನಗ ಭಾಳ ಸಿಟ್ಟ ಬಂತು. ಮಗಳ ಮ್ಯಾಲೆ ಸಿಟ್ಟ ಮಾಡಿ ಏನ ಮಾಡೂದು, ಈ ಚಾಳಿ ಆಕಿಗೆ ಕಲಿಸಿದಾಕಿ ನಾನ.

ನನ್ನ ತವರು ಹುಕ್ಕೇರಿ ಕಡೆ. ಸಣ್ಣಾಕಿ ಇದ್ದಾಗ ಸಂಕೇಶ್ವರದ ಮೆಣಸಿನಕಾಯಿ ತಂದು ಮನ್ಯಾಗ ಖಾರ ಕುಟ್ಟೂ ದಿನ ಸೀನಿ ಸೀನಿ ಸಾಕಾಗತಿತ್ತು. ಗೋಕಾಕಕ್ಕ ಲಗ್ನ ಆಗಿ ಬಂದಮ್ಯಾಲೆ ಇಲ್ಲೆ ಮತ್ತೊಂದು. ಸಕ್ರಿ ಫ್ಯಾಕ್ಟರಿ ಚಾಲೂ ಆಗಿ ಕಬ್ಬ ಕಡದ ಕೂಡ್ಲೆ ಹೊಲದಾಗ ರವದಿಗೆ ಬೆಂಕಿ ಹಚ್ಚತಾರ. ಮುಂಜಾನೆ ಎದ್ರ ಅಂಗಳದ ತುಂಬ ಕರೇ ಬೂದಿ. ಕಾರ್ತೀಕದಾಗ ಕಟ್ಟಿದ ಮೂಗು ಶಿವರಾತ್ರಿಗೆ ಬಿಡತಿತ್ತು. ಗಲ್ಲ ಜಗ್ಗೂದು, ಮ್ಯಾಲಿನ ಹಲ್ಲ ನೋಯೂದು, ಒಗ್ಗರಣಿ ವಾಸನಿ ಸುದ್ದಾ ಬರ್ತಿರಲಿಲ್ಲ.

ಒಂದ ವರ್ಷ ಮೆಡಿಕಲ್‌ದಾಗ ಮೂಗಿನ್ಯಾಗ ಬಿಡೂ ಹನಿ ಔಷಧ ಕೊಟ್ರು. ಎರಡ ಹನಿ ಬಿಟ್ರ ಐದ ನಿಮಿಷಕ್ಕ ಮೂಗು ಬಯಲ. ಇಷ್ಟ ಚಲೋ ಔಷಧ ಇರೂ ಮುಂದ ಇಷ್ಟ ದಿನ ಯಾಕ ತ್ರಾಸ ತಗೊಂಡೆ ಅನಿಸ್ತು. ಮೊದಲ ದಿನಕ್ಕ ಎರಡ ಸಲ, ಆಮ್ಯಾಲೆ ನಾಕ, ಆಮ್ಯಾಲೆ ತಾಸಿಗೊಮ್ಮೆ. ಎರಡ ವರ್ಷ ಆ ಬಾಟ್ಲಿ ತಲಿದಿಂಬಿನ ಬುಡಕ ಇಟಗೊಂಡ ಮಲಗೇನಿ. ಜಾತ್ರಿಗೆ ಹೋಗೂ ಮುಂದ ರೊಕ್ಕದ ಚೀಲಾ ಮರತ್ರೂ ಬಾಟ್ಲಿ ಮರೀತಿರಲಿಲ್ಲ.

ಕಡೀಕ ಕಿವಿ-ಮೂಗು-ಗಂಟಲ ಡಾಕ್ಟರ್ರು ತೋರಿಸಿ ಹೇಳಿದ್ರು: "ಅವ್ವಾರ, ಈಗ ನಿಮ್ಮ ಮೂಗು ಕಟ್ಟೂದು ನೆಗಡಿಯಿಂದಲ್ಲ, ಈ ಹನಿಯಿಂದ." ಆ ಔಷಧ ಮೂಗಿನ ಒಳಗಿನ ರಕ್ತನಾಳ ಕುಗ್ಗಸ್ತೈತಿ. ಅದರ ಗುಣಾ ಇಳದ ಕೂಡ್ಲೆ ಅವು ಮೊದಲಿನಕಿಂತ ಜಾಸ್ತಿ ಬಾಯತಾವ. ಮೂರರಿಂದ ಐದ ದಿನದ ಮ್ಯಾಲೆ ಅದನ್ನ ಹಾಕಲೇಬಾರದಂತ. ಮೊದಲ ಒಂದ ಹೊಳ್ಳಿಗೆ ಬಿಟ್ಟು, ಆಮ್ಯಾಲೆ ಇನ್ನೊಂದಕ್ಕ ಬಿಟ್ಟು, ಡಾಕ್ಟರ್ರು ಕೊಟ್ಟ ಬ್ಯಾರೆ ಸ್ಪ್ರೇ ಹಿಡದು ಆ ಚಟಾ ಬಿಡಸ್ಕೊಳ್ಳಾಕ ಒಂದ ತಿಂಗಳ ಹಿಡೀತು. ಚಟಾ ಅಂತನ ಅಂತೇನಿ. ಗಂಡಸರ ತಂಬಾಕಕ್ಕ ಬೈತೀವಿ, ನಮ್ಮ ದಿಂಬಿನ ಬುಡಕ ಏನೈತಿ ನೋಡೂದಿಲ್ಲ.

ಇನ್ನ ಗುಳಿಗಿ ಮಾತು. ಮೂಗಿನ ಸುತ್ತ ನಮ್ಮ ಮಾರಿ ಎಲುಬಿನ್ಯಾಗ ನಾಕ ಜೋಡಿ ಪೊಳ್ಳ ಜಾಗಾ ಅದಾವ: ಗಲ್ಲದಾಗ, ಹಣ್ಯಾಗ, ಎರಡೂ ಕಣ್ಣಿನ ನಡಬರಕ, ಅದರ ಹಿಂದ. ಅವಕ್ಕ ಸೈನಸ್ ಅಂತಾರ. ಅಲ್ಲಿಯ ನೀರು ಸಣ್ಣ ತೂತಿನ್ಯಾಗಿಂದ ಮೂಗಿಗೆ ಇಳೀತೈತಿ. ನೆಗಡಿ ಬಂದು ಒಳಗ ಬಾತ್ರ ಬಚ್ಚಲ ಮೋರಿ ಕಟ್ಟಿದಂಗ ಆ ತೂತು ಮುಚ್ಚಿ ಭಾರ ಆಗತೈತಿ. ಇದನ್ನ ಮಾಡೂದು ಬಹಳ ಮಾಡಿ ವೈರಸ್. ಹತ್ತ ದಿನದೊಳಗ ತಾನ ಇಳೀತೈತಿ. ನೂರ ಮಂದ್ಯಾಗ ಒಬ್ಬರಿಗೋ ಇಬ್ಬರಿಗೋ ಮುಂದ ಬ್ಯಾಕ್ಟೀರಿಯಾ ಸೇರತೈತಿ. ಆಂಟಿಬಯೋಟಿಕ್ ಕೆಲಸಾ ಮಾಡೂದು ಬ್ಯಾಕ್ಟೀರಿಯಾ ಮ್ಯಾಲೆ ಅಷ್ಟ. ಉಳದವರು ನುಂಗಿದ್ದು ಸುಮ್ಮನ ಹೊಟ್ಟಿ ಕೆಡಸ್ಕೊಂಡಂಗ.

ಮತ್ತ ನಾವು ನುಂಗೂದರ ಹ್ಯಾಂಗ? ಎರಡ ದಿನಾ ತಗೊಂಡು ಹಗುರ ಆತಂದ್ರ ಉಳದದ್ದು ಡಬ್ಬ್ಯಾಗ. ಪೆನಿಸಿಲಿನ್ ಕಂಡ ಹಿಡದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಾಗ ನೊಬೆಲ್ ಭಾಷಣದಾಗನ ಹೇಳಿದ್ರಂತ, ಕಡಿಮಿ ತಗೊಂಡ್ರ ಕ್ರಿಮಿ ಸಾಯೂದಿಲ್ಲ, ಔಷಧಕ್ಕ ಬಗ್ಗದಂಗ ಆಗತೈತಿ ಅಂತ. ಅದಕ್ಕ ಪಟ್ಟಿ ಮ್ಯಾಲೆ ಉದ್ದಕ ಕೆಂಪ ಗೀಟ ಇರತೈತಿ. ಚೀಟಿ ಇಲ್ಲದ ತಗೋಬ್ಯಾಡ್ರಿ ಅಂತ ಅದರ ಅರ್ಥ. 2016ರಿಂದ ಸರಕಾರದವರು ಇದನ್ನ ಸಾರಾಕ ಹತ್ಯಾರ. ಪಟ್ಟಿ ಕತ್ತರಿಸಿ ಕೊಟ್ರ ಗೀಟ ಎಲ್ಲಿಂದ ಕಾಣಬೇಕು?

ನನ್ನ ನೆಗೆಣ್ಣಿಗೆ ಸಕ್ರಿ ಬ್ಯಾನಿ ಐತಿ. ಆಕಿ ಇಂಥಾ ಪುಡಕಿ ನಾಕ ದಿನಾ ತಗೊಂಡ್ಲು. ಮೂಗು ಬಿಡ್ತು, ಖರೆ, ಸಕ್ರಿ ನಾಕನೂರು ದಾಟ್ತು. ಆ ಬಿಳೇ ಗುಳಿಗಿ ಸ್ಟಿರಾಯ್ಡ್ ಇತ್ತು ಅಂತ ದವಾಖಾನ್ಯಾಗ ಹೇಳಿದ್ರು. 2021ರಾಗ ಕೊರೋನಾ ಆದವರಿಗೆ ಕಪ್ಪು ಫಂಗಸ್ ಬಂದಿದ್ದು ಮರತಿಲ್ಲಲಾ? ಅದು ಮೂಗು, ಸೈನಸ್‌ನ್ಯಾಗಿಂದ ಕಣ್ಣಿಗೆ ಏರೂ ರೋಗ. ಸಕ್ರಿ ಏರಿದವರಿಗೆ, ಸ್ಟಿರಾಯ್ಡ್ ತಗೊಂಡವರಿಗೇ ಜಾಸ್ತಿ ಹಿಡೀತು.

"ಅಕ್ಕಾರ, ಡಾಕ್ಟರ್ ಕಡೆ ಹೋಗೂದಂದ್ರ ಒಂದ ದಿನಾ ಬೇಕು, ರೊಟ್ಟಿ ಯಾರ ಬಡೀತಾರ?" ಅಂತೀರಿ. ಒಪ್ಪತೇನಿ, ಹಳ್ಳಿಯಿಂದ ಬಸ್ಸ ಹಿಡದ ಗೋಕಾಕಕ್ಕ ಬಂದು ಪಾಳಿ ಹಚ್ಚೂದು ಸಣ್ಣ ಕೆಲಸಲ್ಲ. ಆದ್ರ ಎಮ್ಮಿ ಒಂದ ಹೊತ್ತ ಮೇವ ಬಿಟ್ರ ಡಾಕ್ಟರ್ ಮನಿಗೇ ಬರತಾರ, ಗಂಡಸರು ಎಲ್ಲಾ ಕೆಲಸಾ ಬಿಟ್ಟು ಹಗ್ಗಾ ಹಿಡದ ನಿಲ್ಲತಾರ. ಮನಿ ಹೆಣಮಗಳು ಹದಿನೈದ ದಿನಾ ತಲಿ ಕಟಗೊಂಡು ಒಲಿ ಮುಂದ ಕುಂತ್ರ ಆಕಿಗೆ ಹತ್ತ ರೂಪಾಯಿ ಪುಡಕಿ. ನಮ್ಮನ್ನ ನಾವ ಎಮ್ಮಿಕಿಂತ ಕಡಿಮಿ ಮಾಡ್ಕೊಂಡೀವಿ, ಮಂದಿಗೆ ಅಂದು ಏನ ಮಾಡೂದು? ಮತ್ತ ಹೋಗಬೇಕಾದದ್ದು ಎಲ್ಲಾ ನೆಗಡಿಗಲ್ಲ. ಮೊದಲ ಎಂಟ-ಹತ್ತ ದಿನಾ ಮನ್ಯಾಗಿನ ಉಪ್ಪ ಸಾಕು.

ನಾ ಮಾಡೂದು ಹಿಂಗ. ನೀರು ಕುದಿಸಿ, ಮುಚ್ಚಿಟ್ಟು, ಉಗರ ಬೆಚ್ಚಗ ಆಗೂತನಕ ಆರಸ್ತೇನಿ. ಕಾಲ ಲೀಟರ್ ನೀರಿಗೆ ಅರ್ಧ ಸಣ್ಣ ಚಮಚಾ ಉಪ್ಪ, ಒಂದ ಚಿಟಿಕಿ ಅಡಗಿ ಸೋಡಾ. ಬಚ್ಚಲದಾಗ ಮುಂದ ಬಗ್ಗಿ, ತಲಿ ಒಂದ ಮಗ್ಗಲಕ ವಾಲಿಸಿ, ಬಾಯಿಲೆ ಉಸರ ಆಡ್ಕೋತ ಮ್ಯಾಲಿನ ಹೊಳ್ಳ್ಯಾಗ ಸಾವಕಾಶ ಹಾಕಬೇಕು. ಕೆಳಗಿನ ಹೊಳ್ಳ್ಯಾಗಿಂದ ಹೊರಗ ಬರತೈತಿ. ಮೂಗು ಜೋರಲೆ ಸೀಟಬ್ಯಾಡ್ರಿ, ಕಿವಿಗೆ ಹೊಕ್ಕೀತು. ಯೋಗದವರು ಇದಕ್ಕ ಜಲನೇತಿ ಅಂತಾರ. ದಿನಕ್ಕ ಎರಡ ಸಲ. ನನಗ ಮೂರನೇ ದಿನಕ್ಕ ಗಲ್ಲದ ಭಾರ ಇಳೀತು.

ಆದ್ರ ನಳದ ನೀರು, ಬಾವಿ ನೀರು, ಘಟಪ್ರಭಾ ಹೊಳಿ ನೀರು ಹಂಗ ಹಸೀದು ಮೂಗಿಗೆ ಹಾಕಬ್ಯಾಡ್ರಿ, ಕೈ ಮುಗೀತೇನಿ. ಕೇರಳದಾಗ 2024ರಾಗ, 2025ರಾಗ ನೀರಾಗಿನ ಅಮೀಬಾ ಮೂಗಿನ್ಯಾಗಿಂದ ಮಿದುಳಿಗೆ ಹೋಗಿ ಮಂದಿ ಸತ್ತಾರ. ಕುಡದ್ರ ಅದು ಏನೂ ಮಾಡೂದಿಲ್ಲ, ಮೂಗಿಗೆ ಹೋದ್ರ ಕೆಟ್ಟದ್ದು. ಉಗಿ ತಗೊಳ್ಳೂದು ಹಿತಾ ಅನಿಸ್ತೈತಿ, ತಗೋರಿ. ಆದ್ರ ಕುದಿಯೂ ಬೋಗೋಣಿ ಮುಂದ ಕೂಸುಗೋಳನ್ನ ಕುಂಡ್ರಸಬ್ಯಾಡ್ರಿ, ಚೆಲ್ಲಿ ಸುಟಗೊಂಡದ್ದು ನಮ್ಮ ಓಣ್ಯಾಗ ನೋಡೇನಿ.

ಡಾಕ್ಟರ್ ಕಡೆ ಯಾವಾಗ ಹೋಗಬೇಕು? ಹತ್ತ ದಿನಾ ದಾಟಿದ್ರೂ ಇಳೀಲಿಲ್ಲಂದ್ರ. ಹಗುರಾಗಿ ಮತ್ತ ಜೋರಾತಂದ್ರ. ಮೂರ ದಿನಾ ಜೋರ ಜ್ವರಾ ಇದ್ದು ಮಾರಿ ನೋವು ತಡೀಲಾರದಂಗ ಆತಂದ್ರ. ಒಂದ ಹೊಳ್ಳ್ಯಾಗಿಂದ ಅಷ್ಟ ನಾರೂ ಕೀವ ಬಂದ್ರ ಹಲ್ಲೂ ತೋರಸ್ರಿ, ಮ್ಯಾಲಿನ ದವಡಿ ಹುಳಕ ಹಲ್ಲಿಂದ ಸೈನಸ್ ಕೆಡತೈತಿ. ಕಣ್ಣ ಬಾತ್ರ, ಒಂದ ಎರಡಾಗಿ ಕಂಡ್ರ, ಕುತಗಿ ಸೆಟದ್ರ ಅವತ್ತ ಹೊಂಡ್ರಿ, ರೊಟ್ಟಿ ಹಾಳಾಗಿ ಹೋಗ್ಲಿ. ಸಕ್ರಿ ಬ್ಯಾನಿ ಇದ್ದವರು, ಬಸರಿದ್ದವರು ಹತ್ತ ದಿನಾ ಕಾಯಬ್ಯಾಡ್ರಿ. ಡಾಕ್ಟರ್ರು ಆಂಟಿಬಯೋಟಿಕ್ ಬರದು ಕೊಟ್ರ ಅವರು ಹೇಳಿದಷ್ಟ ದಿನಾ ಪೂರಾ ತಗೋರಿ.

ಮಗಳ ಪುಡಕಿ ಫೋಟೋ ತಗದು ನಮ್ಮ ಡಾಕ್ಟರ್ರಿಗೆ ಕಳಿಸಿ ಫೋನ್ ಮಾಡಿದ್ವಿ. ಆಕಿ ಇನ್ನೂ ನುಂಗಿರಲಿಲ್ಲ. ಬ್ಯಾಡ ಅಂದ್ರು. ಉಪ್ಪ ನೀರ ಹಾಕಸ್ಕೋತ ನಾಕ ದಿನಾ ನಾ ಅಲ್ಲೆ ನಿಂತೆ, ಎಂಟನೇ ದಿನಕ್ಕ ಆಕಿ ಮೂಗು ಬಿಡ್ತು. ಗ್ವಾಡಿ ಕ್ಯಾಲೆಂಡರ್ ಮ್ಯಾಲೆ ದಿನಕ್ಕೊಂದ ಗೀಟ ಹಾಕಿದ್ವಿ. ನೀವೂ ಮೂಗು ಕಟ್ಟಿದ ದಿನದಿಂದ ಗೀಟ ಹಾಕ್ರಿ. ಹತ್ತ ಗೀಟ ಆದ್ರ ಸೀದಾ ದವಾಖಾನಿಗೆ ಹೋಗ್ರಿ, ಮೆಡಿಕಲ್ ಮುಂದ ಹಾದು ಹೋಗ್ರಿ, ನಿಲ್ಲಬ್ಯಾಡ್ರಿ. ಬರೂ ಮುಂದ ಚೀಟಿ ಹಿಡಕೊಂಡ ನಿಲ್ಲೋಣಂತ.