ಫಾಸ್ಟ್ಯಾಗ್‌ನಿಂದ ಹಣ ಕದಿಯಬಹುದೇ?

ಹೂಟಗಳ್ಳಿಯಿಂದ ಕಾರಿನಲ್ಲಿ ಬೆಂಗಳೂರಿಗೆ ಹೊರಟರೆ ಗಣಂಗೂರು ಟೋಲ್‌ನಲ್ಲಿ ನಮ್ಮ ಫಾಸ್ಟ್ಯಾಗ್‌ನಿಂದ ಹಣ ಕಡಿತವಾಗುತ್ತದೆ. ಹಾಗಾದರೆ ಸಿಗ್ನಲ್‌ನಲ್ಲಿ ಗಾಜು ಒರೆಸುವ ಹುಡುಗ ಕೈಗಡಿಯಾರ ತೋರಿಸಿ ಹಣ ಎಗರಿಸಬಹುದೇ? 2022ರಲ್ಲಿ ಹರಿದಾಡಿದ ವಿಡಿಯೊ ಹಾಗೆಂದೇ ನಂಬಿಸಿತ್ತು. ಪಾಪ, ಗಾಜು ಒರೆಸಿ ಹೊಟ್ಟೆ ಹೊರೆಯುವ ಮಕ್ಕಳ ಮೇಲೂ ಅನುಮಾನ!

ಫಾಸ್ಟ್ಯಾಗ್ ಒಂದು ಆರ್‌ಎಫ್‌ಐಡಿ ಚೀಟಿ. ಅದರಲ್ಲಿ ಬ್ಯಾಟರಿ ಇಲ್ಲ; ಪುಟ್ಟ ಚಿಪ್, ತೆಳುವಾದ ಆಂಟೆನಾ ಅಷ್ಟೇ. ಟೋಲ್‌ನ ರೀಡರ್ ಸೂಸುವ ರೇಡಿಯೊ ಅಲೆಯಿಂದಲೇ ಶಕ್ತಿ ಪಡೆದು, ಅದೇ ಅಲೆಯನ್ನು ತುಸು ಬದಲಿಸಿ ಹಿಂದಿರುಗಿಸುತ್ತಾ ತನ್ನ ಸಂಖ್ಯೆ ಹೇಳುತ್ತದೆ. ಗ್ರಂಥಾಲಯದ ಪುಸ್ತಕ, ಬಟ್ಟೆ ಅಂಗಡಿಯ ಟ್ಯಾಗ್‌ಗಳದ್ದೂ ಹೆಚ್ಚುಕಮ್ಮಿ ಇದೇ ಕಥೆ.

ಹಣವಿರುವುದು ಖಾತೆಯಲ್ಲಿ, ಚೀಟಿಯಲ್ಲಲ್ಲ. ನೋಂದಾಯಿತ ಟೋಲ್, ಪಾರ್ಕಿಂಗ್ ಸಂಸ್ಥೆಗಳಿಗಷ್ಟೇ ಅದು ಪಾವತಿಯಾಗುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ವರ್ಗಾವಣೆ ಇಲ್ಲವೆಂದು ಎನ್‌ಪಿಸಿಐ ಆಗಲೇ ಸ್ಪಷ್ಟಪಡಿಸಿತ್ತು. ನಾವು ಹೆದರಬೇಕಾದದ್ದು ಕೆವೈಸಿ ಹೆಸರಿನಲ್ಲಿ ಮೊಬೈಲಿಗೆ ಬರುವ ನಕಲಿ ಲಿಂಕ್‌ಗೆ.